ಹೃದಯದಲ್ಲಿ ನೆಲೆಸುವ ಕಬ್ಬಿಣ

ಕಬ್ಬಿಣವಿಲ್ಲದಿದ್ದರೆ ನಮ್ಮ ರಕ್ತಕ್ಕೆ ಕೆಂಬಣ್ಣವೂ ಇಲ್ಲ, ಕಸುವೂ ಇಲ್ಲ. ಶ್ವಾಸಕೋಶಗಳಿಂದ ಆಮ್ಲಜನಕವನ್ನು ಹೊತ್ತೊಯ್ಯುವ ಹೀಮೋಗ್ಲೋಬಿನ್ನಿನ ತಿರುಳೇ ಈ ಲೋಹ. ವಯಸ್ಕನ ಶರೀರದಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೂ ಅದು 3-4 ಗ್ರಾಂ ಮಾತ್ರ. ಒಂದು ಮೊಳೆಗೆ ಸಾಕಾಗುವಷ್ಟು. ಆಹಾರದಿಂದ ದಿನಕ್ಕೆ 1-2 ಮಿಲಿಗ್ರಾಂ ಒಳಸೇರುತ್ತದೆ. ಸವೆದುದುರುವ ಜೀವಕೋಶಗಳೊಡನೆ ಸರಿಸುಮಾರು ಅಷ್ಟೇ ಕಳೆದುಹೋಗುತ್ತದೆ. ಹೆಚ್ಚಾದ ಉಪ್ಪನ್ನು ಮೂತ್ರಪಿಂಡಗಳು ಹೊರದೂಡಬಲ್ಲವು. ಹೆಚ್ಚಾದ ಕಬ್ಬಿಣವನ್ನು ಹೊರದೂಡುವ ಅಂತಹ ಏರ್ಪಾಡು ಶರೀರದಲ್ಲಿ ಇಲ್ಲವೇ ಇಲ್ಲ. ಆರೋಗ್ಯವಂತರಿಗೆ ಈ ಕೊರತೆ ಎಂದೂ ಅರಿವಿಗೆ ಬರುವುದಿಲ್ಲ.

ಆದರೆ ಥಲಸೀಮಿಯಾ ಎಂಬ ಆನುವಂಶಿಕ ರೋಗವುಳ್ಳವರ ಪಾಡು ಬೇರೆ. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ ಇದನ್ನು ಮೊದಲು ವರ್ಣಿಸಿದನು. ಗ್ರೀಕ್ ಭಾಷೆಯಲ್ಲಿ 'ಥಲಸ್ಸ' ಎಂದರೆ ಸಮುದ್ರ. ಮೆಡಿಟರೇನಿಯನ್ ಸಮುದ್ರತೀರದ ಜನರಲ್ಲಿ ಹೆಚ್ಚಾಗಿ ಕಂಡುದರಿಂದ ಈ ಹೆಸರು ಬಂದಿತಾದರೂ ರೋಗ ಆ ತೀರಕ್ಕಷ್ಟೇ ಸೀಮಿತವಲ್ಲ, ಭಾರತದಲ್ಲಿಯೂ ಇದೆ. ತಂದೆತಾಯಿಗಳಿಬ್ಬರೂ ದೋಷದ ಒಂದೊಂದು ಜೀನನ್ನು ಹೊತ್ತಿದ್ದು ತಾವು ಆರೋಗ್ಯವಾಗಿಯೇ ಇರಬಹುದು. ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು.

ರೋಗಿಯ ಅಸ್ಥಿಮಜ್ಜೆ ಸಮರ್ಪಕವಾದ ಕೆಂಪು ರಕ್ತಕಣಗಳನ್ನು ಉತ್ಪಾದಿಸಲಾರದು. ಆದಕಾರಣ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಅನ್ಯರ ರಕ್ತವನ್ನು ಕೊಡಬೇಕಾಗುತ್ತದೆ. ಒಂದು ಚೀಲ ರಕ್ತದಲ್ಲಿ 200 ಮಿಲಿಗ್ರಾಂಗೂ ಮಿಗಿಲಾದ ಕಬ್ಬಿಣವಿರುತ್ತದೆ. ವರ್ಷಕ್ಕೆ 20 ಚೀಲವಾದರೆ 4 ಗ್ರಾಂ! ಬದುಕಿಸುವ ರಕ್ತವೇ ವಿಷವನ್ನೂ ತರುತ್ತದೆ.

ಕಬ್ಬಿಣವನ್ನು ಸುರಕ್ಷಿತವಾಗಿ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ತುಂಬಿಹೋದಾಗ, ಉಳಿದ ಕಬ್ಬಿಣ ಒಡೆಯನಿಲ್ಲದೆ ಅಲೆಯುತ್ತದೆ. ಹೃದಯದ ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ನುಸುಳುವ ದ್ವಾರಗಳಿಂದಲೇ ಅದೂ ಒಳಹೊಗುತ್ತದೆ. ಅಲ್ಲಿ ಅತಿ ಚುರುಕಾದ ಆಮ್ಲಜನಕದ ಕಣಗಳನ್ನು ಹುಟ್ಟಿಸಿ ಕೋಶಗಳನ್ನು ಕೆಡಿಸುತ್ತದೆ. ಬಡಿತ ತಾಳ ತಪ್ಪುತ್ತದೆ; ಕ್ರಮೇಣ ಹೃದಯ ಸೋಲುತ್ತದೆ. ಕಬ್ಬಿಣವನ್ನು ತೆಗೆಯುವ ಚಿಕಿತ್ಸೆ ಬರುವ ಮುನ್ನ ರಕ್ತದಿಂದ ಬದುಕುಳಿದ ಮಕ್ಕಳಲ್ಲಿ ಅನೇಕರು ಹದಿಹರೆಯದಲ್ಲಿಯೇ ಹೀಗೆ ತೀರಿಕೊಂಡರು.

ಪರಿಹಾರ ದೊರೆತುದು ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ. ಕಬ್ಬಿಣವನ್ನು ಹಿಡಿಯಲು ಅದು ತಯಾರಿಸುವ ವಸ್ತುವಿನಿಂದ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಡೆಸ್ಫೆರಿಯೊಕ್ಸಮೀನ್ ಎಂಬ ಮದ್ದನ್ನು ಪಡೆದರು. 1960ರ ದಶಕದಲ್ಲಿ ಅದು ಬಳಕೆಗೆ ಬಂದಿತು. ಚರ್ಮದಡಿಗೆ ಸೂಜಿಯಿಟ್ಟು, ಸಣ್ಣ ಪಂಪಿನ ಮೂಲಕ 8-12 ಗಂಟೆಗಳ ಕಾಲ, ವಾರದಲ್ಲಿ ಐದಾರು ರಾತ್ರಿ ಅದನ್ನು ಹರಿಸಬೇಕು. ನಿಮ್ಮ ವಯಸ್ಸಿನವರಿಗೆ ಇದೆಷ್ಟು ಬೇಸರದ ಕೆಲಸವೆಂಬುದನ್ನು ಹೇಳಬೇಕಾಗಿಲ್ಲ. ಎಷ್ಟೋ ಮಂದಿ ಪಂಪನ್ನು ಬದಿಗಿಟ್ಟರು. ಕಬ್ಬಿಣ ಮಾತ್ರ ಸೇರುತ್ತಲೇ ಹೋಯಿತು. ಬಾಯಿಯ ಮೂಲಕ ಸೇವಿಸುವ ಡೆಫೆರಿಪ್ರೋನ್ 1990ರ ದಶಕದಲ್ಲಿ ಭಾರತದಲ್ಲಿಯೇ ಮೊದಲು ಮಾರಾಟಕ್ಕೆ ಬಂದಿತು; 2005ರಲ್ಲಿ ಡೆಫೆರಸಿರೋಕ್ಸ್ ಬಂದಿತು.

ಹೃದಯದಲ್ಲಿ ಎಷ್ಟು ಕಬ್ಬಿಣವಿದೆಯೆಂದು ತಿಳಿಯುವುದು ಹೇಗೆ? ಯಕೃತ್ತು ಹಗುರವಾಗಿದ್ದರೂ ಹೃದಯ ಭಾರವಾಗಿರಬಹುದಾದ್ದರಿಂದ ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. 2001ರಲ್ಲಿ ಲಂಡನ್ನಿನ ವೈದ್ಯರು ಕಾಂತೀಯ ಅನುರಣನ ಚಿತ್ರಣದ ಒಂದು ವಿಧಾನವನ್ನು ಪ್ರಕಟಿಸಿದರು. ಕಬ್ಬಿಣ ಹೆಚ್ಚಿದಷ್ಟೂ ಯಂತ್ರಕ್ಕೆ ದೊರೆಯುವ ಸಂಕೇತ ಬೇಗ ನಂದುತ್ತದೆ. ಅದರ ಅಳತೆ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಸೇರಿದೆಯೆಂದೂ, 10ಕ್ಕಿಂತ ಕಡಿಮೆಯಾದರೆ ಅಪಾಯ ಸಮೀಪಿಸಿದೆಯೆಂದೂ ಅರ್ಥ. ಈ ಪರೀಕ್ಷೆಯೂ ಹೊಸ ಮದ್ದುಗಳೂ ಬಂದ ಬಳಿಕ ಬ್ರಿಟನ್ನಿನಲ್ಲಿ ಥಲಸೀಮಿಯಾ ರೋಗಿಗಳ ಹೃದಯಸಂಬಂಧಿ ಸಾವುಗಳು ಬಹಳ ಇಳಿದವು. ಸೋತ ಹೃದಯವೂ ಬಿಡದೆ ನಡೆಸಿದ ಚಿಕಿತ್ಸೆಯಿಂದ ಚೇತರಿಸಿಕೊಳ್ಳಬಲ್ಲುದು. ಆದರೆ ಯಕೃತ್ತಿನ ಕಬ್ಬಿಣ ಕೆಲವು ತಿಂಗಳುಗಳಲ್ಲಿ ಇಳಿಯತೊಡಗಿದರೂ ಹೃದಯದ್ದು ಕರಗಲು ವರ್ಷಗಳೇ ಹಿಡಿಯುತ್ತವೆ.