ಎಂಟೆಕ್: ಬಾಗಿಲು ತೆರೆಯುತ್ತದೆಯೋ, ಮುಚ್ಚುತ್ತದೆಯೋ?

ಬೆಳಿಗ್ಗೆ ಲೋಯರ್ ಪರೇಲ್‌ನಲ್ಲಿ ರೈಲು ಇಳಿಯುವ ನಮ್ಮಂಥ ಅನೇಕರು ಕೆಲಸ ಮಾಡುವುದು ಹಳೆಯ ಬಟ್ಟೆ ಗಿರಣಿಗಳ ಜಾಗದಲ್ಲಿ. ಕಮಲಾ ಮಿಲ್ಸ್ ಈಗ ಕಚೇರಿಗಳ ಗುಂಪು, ಫೀನಿಕ್ಸ್ ಮಿಲ್ಸ್ ಈಗ ಮಾಲ್. ಈಗ ಮಾಟುಂಗಾದಲ್ಲಿರುವ ವಿಜೆಟಿಐ 1887ರಲ್ಲಿ ಶುರುವಾದಾಗ ಈ ಗಿರಣಿಗಳಿಗೆ ತಂತ್ರಜ್ಞರನ್ನು ತಯಾರು ಮಾಡುತ್ತಿತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜವಳಿ ಎಂಜಿನಿಯರಿಂಗ್ ವಿಭಾಗ ಅಲ್ಲಿ ಇಂದಿಗೂ ಇದೆ. ಆದರೆ ಕೆಲಸ ಹುಡುಕಲು ಸೂರತ್, ಇಚಲಕರಂಜಿ, ಕೊಯಮತ್ತೂರಿನ ಕಡೆ ನೋಡಬೇಕು. ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಈ ಕಥೆ ಹೊಸದಲ್ಲ.

‘ಬಿಇ ಮುಗಿಯಿತು, ಎಂಟೆಕ್ ಮಾಡಲೇ?’ ಎಂದು ಊರಿನ ಹುಡುಗರು ಕೇಳಿದಾಗ ನನಗೆ ನೆನಪಾಗುವುದು ಇದೇ. ಒಂದು ವಿಷಯವನ್ನು ಆಳವಾಗಿ ಕಲಿತರೆ ನಷ್ಟವಿಲ್ಲ. ಆ ಕಲಿಕೆ ಒಂದೇ ಉದ್ಯಮಕ್ಕೆ, ಒಂದೇ ಊರಿಗೆ ಅಂಟಿಕೊಂಡಿದ್ದರೆ ಕಷ್ಟ.

ನಾನು ಎಂಟೆಕ್ ಮಾಡಿದ್ದು ಪವರ್ ಸಿಸ್ಟಮ್ಸ್‌ನಲ್ಲಿ, ಬರೆಯುತ್ತಿರುವುದು ಸಾಫ್ಟ್‌ವೇರ್. ಸಂದರ್ಶನದಲ್ಲಿ ಯಾರೂ ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳಲಿಲ್ಲ, ಕೋಡ್ ಬರೆಸಿದರು. ಆದರೂ ಅಲ್ಲಿ ಕಲಿತ ಮ್ಯಾಟ್ರಿಕ್ಸ್, ಆಪ್ಟಿಮೈಸೇಶನ್ ದಿನವೂ ಬಳಕೆಗೆ ಬರುತ್ತವೆ. ಪದವಿಯ ಹೆಸರು ಹಿಂದೆ ಸರಿಯಿತು, ಗಣಿತ ಜೊತೆಗೇ ಬಂತು.

ಎಲ್ಲ ಕಡೆ ಹೀಗಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಂಬಂಧಿತ ಶಾಖೆಯ ಸ್ನಾತಕೋತ್ತರ ಪದವಿ ಬೇಕೇ ಬೇಕು. ಚಿಪ್ ವಿನ್ಯಾಸದಂಥ ಕ್ಷೇತ್ರಗಳಲ್ಲಿ ಎಂಟೆಕ್‌ಗೆ ಬೆಲೆ ಹೆಚ್ಚು. ಆದರೆ ಗೇಟ್ ಅಂಕ ನೋಡಿ ಎಂಜಿನಿಯರ್‌ಗಳನ್ನು ಆಯ್ದುಕೊಳ್ಳುವ ಸಾರ್ವಜನಿಕ ಉದ್ದಿಮೆಗಳಿಗೆ ಸಾಮಾನ್ಯವಾಗಿ ಬಿಇ ಸಾಕು. ಅಲ್ಲಿ ಮುಖ್ಯವಾಗುವುದು ಬಿಇ ಶಾಖೆಯ ಹೆಸರು.

ನಂದನ್ ನಿಲೇಕಣಿ ಐಐಟಿ ಬಾಂಬೆಯಲ್ಲಿ ಓದಿದ್ದು ಎಲೆಕ್ಟ್ರಿಕಲ್ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಿಜ. ಆದರೆ ಅವರು 1978ರಲ್ಲಿ ಬಿಟೆಕ್ ಮುಗಿಸಿ ನೇರವಾಗಿ ಸಾಫ್ಟ್‌ವೇರ್‌ಗೆ ಬಂದವರು. ಮತ್ತೆರಡು ವರ್ಷ ಕೊಟ್ಟು ವಿಷಯವನ್ನು ಕಿರಿದು ಮಾಡಿಕೊಳ್ಳುವವರ ಲೆಕ್ಕ ಬೇರೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಮುಂಬೈಯಲ್ಲಿ ಅದು ಪಿಜಿ ಬಾಡಿಗೆಗೂ ಸಾಲದಿರಬಹುದು. ಮನೆಯಲ್ಲಿ ಸಾಲವಿದ್ದರೆ ಆ ಎರಡು ವರ್ಷದ ಸಂಬಳವೂ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ಸೇರುವ ಮುನ್ನ ಪಠ್ಯಕ್ರಮವನ್ನು ಎದುರಿಗಿಟ್ಟುಕೊಂಡು ಎರಡು ಪಟ್ಟಿ ಮಾಡಿ. ಯಂತ್ರ ಬದಲಾದರೂ ಉಳಿಯುವ ವಿಷಯಗಳು ಎಷ್ಟು? ಈ ಪದವಿ ಕೇಳುವ ಕಂಪನಿಗಳು ಎಷ್ಟು ಊರಲ್ಲಿವೆ? ಎರಡೂ ಪಟ್ಟಿ ಉದ್ದವಿದ್ದರೆ ಧೈರ್ಯವಾಗಿ ಸೇರಿ. ಎರಡನೆಯದರಲ್ಲಿ ಒಂದೇ ಊರಿದ್ದರೆ, ಆ ಊರಿನ ಗಿರಣಿ ಇನ್ನೆಷ್ಟು ವರ್ಷ ಓಡುತ್ತದೆ ಎಂದು ಮೊದಲು ವಿಚಾರಿಸಿ.