ಬೇಡದ ಕಡೆ ಬೆಳೆಯುವ ಮೂಳೆ

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಹ್ಯಾರಿ ಈಸ್ಟ್‌ಲ್ಯಾಕ್ ಎಂಬಾತನ ಅಸ್ಥಿಪಂಜರವಿದೆ. ಸಾಮಾನ್ಯವಾಗಿ ಮಾಂಸ, ಕೀಲಿನ ಕಟ್ಟುಗಳೆಲ್ಲ ಹೋದಮೇಲೆ ಎಲುಬುಗಳು ಬಿಡಿಬಿಡಿಯಾಗಿ ಉದುರುತ್ತವೆ, ತಂತಿ ಕಟ್ಟಿ ನಿಲ್ಲಿಸಬೇಕು. ಹ್ಯಾರಿಯ ಎಲುಬುಗಳಿಗೆ ಆ ಆಸರೆ ಹೆಚ್ಚು ಬೇಕಾಗಲಿಲ್ಲ. ಬೆನ್ನಿನ ಮೇಲೆ ಮೂಳೆಯದೇ ಹಾಳೆಗಳು, ಪಟ್ಟಿಗಳು ಹರಡಿ ಎಲ್ಲವನ್ನೂ ಬೆಸೆದಿವೆ. 1973ರಲ್ಲಿ, ನಲವತ್ತು ತುಂಬುವ ಮೊದಲೇ ಅವನು ತೀರಿಕೊಂಡಾಗ ದವಡೆಯೂ ಬಿಗಿದುಕೊಂಡಿತ್ತು. ತನ್ನ ದೇಹ ಸಂಶೋಧನೆಗೆ ಸಲ್ಲಲಿ ಎಂದು ಅವನೇ ಹೇಳಿಹೋಗಿದ್ದ.

ಹ್ಯಾರಿಗಿದ್ದ ಕಾಯಿಲೆಯ ಉದ್ದದ ಹೆಸರನ್ನು ಬಿಟ್ಟು ವೈದ್ಯರು ಎಫ್‌ಒಪಿ ಎನ್ನುತ್ತಾರೆ. ಹತ್ತಿಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ. ಇದರಲ್ಲಿ ಮಾಂಸಖಂಡವೇ ಮೂಳೆಯಾಗುತ್ತದೆ. ಬಿದ್ದು ಪೆಟ್ಟಾದರೆ, ಜ್ವರ ಬಂದರೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಊತ ಏಳುತ್ತದೆ. ಅದು ಇಳಿಯುವಷ್ಟರಲ್ಲಿ ಅಲ್ಲಿ ಹೊಸ ಮೂಳೆ. ಅದನ್ನು ಕೊಯ್ದು ತೆಗೆಯುವಂತಿಲ್ಲ, ಕೊಯ್ದ ಗಾಯದಲ್ಲೇ ಇನ್ನಷ್ಟು ಬೆಳೆಯುತ್ತದೆ.

ಕಾರಣ ಸಿಕ್ಕಿದ್ದು 2006ರಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಕಪ್ಲಾನ್, ಐಲೀನ್ ಶೋರ್ ಅವರ ತಂಡ ಎಸಿವಿಆರ್1 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಗುರುತಿಸಿತು. ಒಂದು ಕೊಂಬು ತಪ್ಪಿದರೆ ಪದದ ಅರ್ಥವೇ ಬೇರೆಯಾಗುತ್ತದಲ್ಲ, ಹಾಗೆ. ಈ ಜೀನು ಕೋಶದ ಮೇಲೊಂದು ಬಾಗಿಲನ್ನು ಕಟ್ಟುತ್ತದೆ. ‘ಮೂಳೆ ಕಟ್ಟು’ ಎಂಬ ಸೂಚನೆ ಒಳಹೋಗುವುದು ಆ ಬಾಗಿಲಿನಿಂದ. 2015ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆಕ್ಟಿವಿನ್ ಎ ಎಂಬ ಪ್ರೋಟೀನ್ ಆರೋಗ್ಯವಂತರಲ್ಲಿ ಈ ಬಾಗಿಲಿಗೆ ಅಗುಳಿ ಹಾಕುತ್ತದೆ. ಎಫ್‌ಒಪಿ ಇರುವವರಲ್ಲಿ ಅದೇ ಪ್ರೋಟೀನ್ ಬಾಗಿಲನ್ನು ತೆರೆದುಬಿಡುತ್ತದೆ. ಗಾಯವಾದ ಕಡೆ ಅದು ಹೆಚ್ಚುವುದು ಸಹಜ. ಹಾಗಾಗಿ ಗಾಯ ಮಾಯಿಸಲು ಹೊರಟ ದೇಹವೇ ಮೂಳೆ ಕಟ್ಟಲು ತೊಡಗುತ್ತದೆ. ಆಕ್ಟಿವಿನ್ ಎ ಅನ್ನು ಹಿಡಿದು ಸುಮ್ಮನಾಗಿಸುವ ಗಾರೆಟೋಸ್ಮಾಬ್ ಎಂಬ ಪ್ರತಿಕಾಯವನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ ಕೆಲವರು ತೀರಿಕೊಂಡರು. 2020ರಲ್ಲಿ ಆ ಪ್ರಯೋಗವನ್ನು ತಡೆಹಿಡಿಯಬೇಕಾಯಿತು.

ಮಾರುಕಟ್ಟೆಗೆ ಮೊದಲು ಬಂದದ್ದು ಬೇರೆಯದೇ ಔಷಧ, ಪಾಲೊವರೋಟೀನ್. ವಿಟಮಿನ್ ಎ ಬಳಗಕ್ಕೆ ಹತ್ತಿರದ ಈ ಮಾತ್ರೆಯನ್ನು ಮೊದಲು ರೂಪಿಸಿದ್ದು ಶ್ವಾಸಕೋಶದ ಕಾಯಿಲೆಗೆಂದು! ಮೂಳೆಗೆ ಮುನ್ನ ಮೃದ್ವಸ್ಥಿ ಮೂಡಬೇಕು. ಇದು ಆ ಹಂತದಲ್ಲೇ ತಡೆಯುತ್ತದೆ. ಕೆನಡಾ 2022ರಲ್ಲಿ, ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟವು. ಯುರೋಪ್ ಕೊಡಲಿಲ್ಲ.

ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಮಗು ಎತ್ತರವಾಗುವುದೂ ಮೃದ್ವಸ್ಥಿಯಿಂದಲೇ. ಉದ್ದೆಲುಬಿನ ತುದಿಯ ಬೆಳವಣಿಗೆಯ ಫಲಕ ಈ ಮಾತ್ರೆಯಿಂದ ಕಾಲಕ್ಕೆ ಮೊದಲೇ ಮುಚ್ಚಿಹೋಗಬಹುದು. ಬೇಡದ ಮೂಳೆಗೂ ಬೇಕಾದ ಮೂಳೆಗೂ ದಾರಿ ಒಂದೇ ಆಗಿರುವುದು ಈ ಸಂಶೋಧನೆಯ ದೊಡ್ಡ ಸಂಕಟ. ಅದಕ್ಕೇ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ 8, ಗಂಡುಮಕ್ಕಳಿಗೆ 10 ವರ್ಷ ತುಂಬುವವರೆಗೆ ಇದನ್ನು ಕೊಡುವಂತಿಲ್ಲ. ಮೊದಲ ಊತ ಎಷ್ಟೋ ಮಕ್ಕಳಿಗೆ ಅದಕ್ಕಿಂತ ಮುಂಚೆಯೇ ಬಂದಿರುತ್ತದೆ.

ಈ ಮಕ್ಕಳನ್ನು ಬೇಗ ಗುರುತಿಸಲು ಯಂತ್ರ ಬೇಕಿಲ್ಲ. ಹೆಚ್ಚುಕಡಿಮೆ ಎಲ್ಲರಿಗೂ ಹುಟ್ಟುವಾಗಲೇ ಕಾಲಿನ ಹೆಬ್ಬೆರಳು ಗಿಡ್ಡ, ಒಳಕ್ಕೆ ವಾಲಿರುತ್ತದೆ. ಆದರೆ ನೋಡುವವರಿಲ್ಲ. ಬೆನ್ನಿನ ಊತವನ್ನು ಗಡ್ಡೆಯೆಂದು ತಿಳಿದು ಬಯಾಪ್ಸಿಗೆ ಕಳಿಸುತ್ತಾರೆ, ಸೂಜಿ ಹೊಕ್ಕಲ್ಲೇ ಮೂಳೆ ಏಳುತ್ತದೆ. ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಕೂಡ ಅವರಿಗೆ ಅಪಾಯ. ಊತ ಬಂದ ಮಗುವಿನ ಸಾಕ್ಸ್ ಬಿಚ್ಚಿ ಪಾದ ನೋಡಲು ಅರ್ಧ ನಿಮಿಷ ಸಾಕು, ಅದೂ ಸೂಜಿ ಕೈಗೆತ್ತಿಕೊಳ್ಳುವ ಮೊದಲು.