ಬಸ್ಸಾರಿನ ನೀರು ಮತ್ತು ರಕ್ತದ ಆಮ್ಲ

"ಮೈಯಲ್ಲಿ ಆಸಿಡ್ ಜಾಸ್ತಿಯಾಗಿದೆ, ಹುಳಿ ಬಿಡಿ" ಎಂಬ ಮಾತು ನಮ್ಮ ಹಾಸನದ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಇದರಲ್ಲಿ ಎರಡು ವಿಷಯಗಳು ಬೆರೆತುಹೋಗಿವೆ. ಎದೆಯುರಿ, ಹುಳಿತೇಗು ಹೊಟ್ಟೆಗೆ ಸೇರಿದ ತೊಂದರೆ. ರಕ್ತದ ಲೆಕ್ಕವೇ ಬೇರೆ.

ಆಮ್ಲ-ಕ್ಷಾರವನ್ನು ಪಿ.ಎಚ್. ಎಂಬ ಅಳತೆಯಿಂದ ಹೇಳುತ್ತಾರೆ. 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಮ್ಮ ರಕ್ತ ಸದಾ 7.35ರಿಂದ 7.45ರೊಳಗೇ ಇರಬೇಕು. ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಹಾಕುತ್ತವೆ, ಮೂತ್ರಪಿಂಡಗಳು ಉಳಿದ ಆಮ್ಲವನ್ನು ಮೂತ್ರದಲ್ಲಿ ಕಳುಹಿಸುತ್ತವೆ. ಆರೋಗ್ಯವಂತರು ಊಟ ಬದಲಿಸಿದಾಗ ಬದಲಾಗುವುದು ಮೂತ್ರದ ಪಿ.ಎಚ್., ರಕ್ತದ್ದಲ್ಲ. ದುಬಾರಿ ಕ್ಷಾರೀಯ ನೀರು ಕುಡಿದರೂ ಅಷ್ಟೇ; ಹೊಟ್ಟೆಯ ಆಮ್ಲದ ಮುಂದೆ ಅದರ ಆಟ ನಡೆಯದು.

ನಾಲಿಗೆಯ ರುಚಿಯನ್ನೂ ನಂಬುವಂತಿಲ್ಲ. ನಿಂಬೆಹಣ್ಣು ಹುಳಿ, ಆದರೆ ಅದರ ಸಿಟ್ರೇಟ್ ದೇಹದಲ್ಲಿ ಬಳಕೆಯಾದ ಮೇಲೆ ಬೈಕಾರ್ಬೊನೇಟ್, ಅಂದರೆ ಕ್ಷಾರ, ಉಳಿಯುತ್ತದೆ. ಹಾಸನ, ಅರಕಲಗೂಡಿನ ಹೊಲಗಳ ಆಲೂಗಡ್ಡೆ, ಚನ್ನರಾಯಪಟ್ಟಣದ ಎಳನೀರು, ಎಲ್ಲ ಬಗೆಯ ಸೊಪ್ಪು ಇದೇ ಗುಂಪಿನವು. ಹುಳಿಯೇ ಇಲ್ಲದ ಮೊಟ್ಟೆ, ಮೀನು, ಮಾಂಸಗಳು ಆಮ್ಲವನ್ನು ಉಳಿಸುತ್ತವೆ, ಅನ್ನವೂ ಸ್ವಲ್ಪ ಮಟ್ಟಿಗೆ. ಅವುಗಳ ಪ್ರೋಟೀನಿನಲ್ಲಿರುವ ಗಂಧಕ ಇದಕ್ಕೆ ಮುಖ್ಯ ಕಾರಣ. ಮುದ್ದೆಯ ಜೊತೆ ಸೊಪ್ಪಿನ ಸಾರು ಉಣ್ಣುವ ನಮ್ಮ ಹಿರಿಯರ ಪದ್ಧತಿ ಒಳ್ಳೆಯದೇ.

ಆದರೆ ಮೂತ್ರಪಿಂಡ ಸೋತವರ ಮನೆಯಲ್ಲಿ ಈ ಮಾತು ತಿರುವುಮುರುವಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದ ಮೂತ್ರಪಿಂಡ ಹಾಳಾದವರಲ್ಲಿ ಆಮ್ಲ ನಿಜವಾಗಿಯೂ ರಕ್ತದಲ್ಲಿ ಉಳಿಯುತ್ತದೆ. ಮೂಳೆ, ಸ್ನಾಯುಗಳು ಸವೆಯುತ್ತವೆ. ವೈದ್ಯರು ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಕೊಡುವುದು ಇದಕ್ಕೇ. ಹಾಗಾದರೆ ಸೊಪ್ಪು, ಎಳನೀರು ಹೆಚ್ಚಿಸಿದರಾಯಿತು ಎಂದುಕೊಂಡು ಮಾತ್ರೆ ಬಿಡುವವರಿದ್ದಾರೆ. ಅಪಾಯ ಇರುವುದು ಅಲ್ಲೇ. ಇವುಗಳಲ್ಲಿ ಪೊಟ್ಯಾಸಿಯಂ ಹೇರಳ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ.

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಅದಕ್ಕೇ ಇಂಥವರಿಗೆ ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಬಡಿಸಲು ಹೇಳುತ್ತಾರೆ. ನಾವು ಮಾಡುವುದು ಇದಕ್ಕೆ ವಿರುದ್ಧ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೇ ಖಾರ ಕಲಸಿ ಬಸ್ಸಾರು ಮಾಡುತ್ತೇವೆ. ಬೇರೆಯವರಿಗೆ ಅದು ಸತ್ವದ ಸಾರು. ಮನೆಯಲ್ಲಿ ಮೂತ್ರಪಿಂಡದ ರೋಗಿ ಇದ್ದರೆ ಅವರ ತಟ್ಟೆಗೆ ಬಸಿದ ಪಲ್ಯ ಸ್ವಲ್ಪ ಹಾಕಬಹುದೇ, ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿದ ವೈದ್ಯರಲ್ಲೇ ಕೇಳಿ. ಸಾರನ್ನು ಮಾತ್ರ ಬಡಿಸಬೇಡಿ.